ಅರವತ್ತು ಜನರೊಳಗಿನ ಒಂದು ದನಿ

ಈರುಳ್ಳಿ ಮಂಡಿಯಿಂದ,
ಮಂಗಳವಾರ, ಧೂಳುಗಾಳಿ ನಿಂತ ವಾರ

ಟಕೊರಾಡಿಯಲ್ಲಿರುವ ತಂಗಿ ದುಫಿಯೆಗೆ ಸಂಘದ ಅಕ್ಕತಂಗಿಯರೆಲ್ಲರ ನಮಸ್ಕಾರ.

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಆ ಶನಿವಾರದ ಒಂದೇ ಒಂದು ಮಾತಿಗೆ ತೆತ್ತದ್ದಿಷ್ಟು: ಕೊಳೆತ ಈರುಳ್ಳಿ ನಲವತ್ತೊಂದು ಚೀಲ, ತಪ್ಪುಕಾಣಿಕೆಯ ಟಗರು ಒಂದು, ಜಿನ್ ಎರಡು ಬಾಟಲಿ, ಹತ್ತೊಂಬತ್ತು ವರ್ಷ ನೀನು ಕೂತು ಮಾರುತ್ತಿದ್ದ ಕಟ್ಟೆ. ಇನ್ನೊಂದಿದೆ. ಎರಡು ವರ್ಷದಿಂದ ಮಧ್ಯಾಹ್ನ ಎಲೆಯಲ್ಲಿ ಸುತ್ತಿದ ಕೆಂಕೆ, ಆ ಹುಳಿಜೋಳದ ಮುದ್ದೆ, ಬಿಚ್ಚಿದರೆ ಅರ್ಧ ಮುರಿದು ಕೊಡಲು ನನ್ನ ಪಕ್ಕದಲ್ಲಿ ಯಾರೂ ಇಲ್ಲ. ಅದನ್ನು ಸಂಘದ ಖರ್ಚಿಗೆ ಹಾಕಲು ಬರುವುದಿಲ್ಲ.

ಈ ಕಾಗದ ಸಂಘ ಹೇಳಿ ಬರೆಸಿದ್ದು. ನಾನಾ ಬಿರಾಗೊ ಅವರ ಕಾಲು ಊದಿಕೊಂಡಿದೆ. ನಮ್ಮ ಸಂಘವನ್ನು ಆಳುವ ಮಂಡಿಯ ಅಮ್ಮನ ಪೀಠದಲ್ಲಿ ಅವರು ಇನ್ನು ಕೂರಲಾರರು. ಬರುವ ಶುಕ್ರವಾರ ಪೀಠ ನನಗೆ. ಹೊಸ ಅಮ್ಮ ಕೂತ ದಿನ ಮೊದಲ ಕೆಲಸ ಒಬ್ಬ ತಪ್ಪಿತಸ್ಥಳಿಗೆ ಕ್ಷಮೆ ಕೊಡುವುದು, ನಿನಗೆ ಗೊತ್ತೇ ಇದೆ. ನಾನಾ ಆರಿಸಿರುವುದು ನಿನ್ನನ್ನು. ನೀನು ಬಂದು, ನನ್ನೆದುರು ಮೊಣಕಾಲೂರಿ, ಆ ಮಾತು ನನ್ನದೇ ಎಂದರೆ ಸಾಕು, ಕಟ್ಟೆ ನಿನ್ನದು. ಬಾರದಿದ್ದರೆ ಅದು ಅವರ ತಂಗಿಯ ಮಗಳಿಗೆ, ಶಾಶ್ವತವಾಗಿ.

‘ನಡೆದದ್ದನ್ನು ಅವಳು ಒಪ್ಪುವ ಹಾಗೆ ಬರೆ’ ಎಂದಿದ್ದಾರೆ ನಾನಾ. ಬರೆಯುತ್ತೇನೆ.

ನಾನಾ ಅವರ ಅಣ್ಣನ ಸಾವಿನ ಶಾಸ್ತ್ರಕ್ಕೆ ಸಂಘ ಬಟ್ಟೆ ಆರಿಸಿತು: ಕೆಂಪಿನ ಮೇಲೆ ಕಪ್ಪು. ಒಂದೇ ತಾನು, ಒಬ್ಬನೇ ದರ್ಜಿ, ಒಂದೇ ಹೊಲಿಗೆ. ನೀನೊಬ್ಬಳು ಮಾತ್ರ ಬೆನ್ನುದ್ದಕ್ಕೂ ಬಿಳಿ ಗುಂಡಿ ಹೊಲಿಸಿಕೊಂಡು ಬಂದೆ. ‘ಏನೇ, ಸಾವಿನ ಮನೆಗೆ ಹೊರಟ್ಯೋ ಮದುವೆಗೋ?’ ಅಂತ ಹೆಂಗಸರು ರೇಗಿಸಿದರು. ‘ನಾನೇನು ಚೀಲದೊಳಗಿನ ಈರುಳ್ಳೀನಾ, ಎಲ್ಲರ ಥರಾನೇ ಇರೋಕೆ? ನಾಳೆ ಸತ್ರೆ ನನ್ನ ಗುರುತು ಹಿಡಿಯೋರು ಬೇಡ್ವಾ ಪೊಕುವಕ್ಕಾ?’ ಅಂದೆ ನೀನು. ನಾನೂ ನಕ್ಕೆ. ‘ಎಲ್ಲಾ ಒಂದೇ ಥರ ಇದ್ರೆ ಯಾರನ್ನ ಕಚ್ಚಬೇಕು ಅಂತ ಸೊಳ್ಳೆಗೂ ಗೊತ್ತಾಗಲ್ಲ ಕಣೆ, ಅದೇ ವಾಸಿ’ ಅಂದೆ.

ಸಂಘದವರ ರೋಗಕ್ಕೆ, ಸಾವಿಗೆ ಆಗಲಿ ಅಂತ ನಾನಾ ಪ್ರತಿ ಚೀಲದಿಂದ ಒಂದು ಬೋಗುಣಿ ಎತ್ತಿಕೊಳ್ಳುವುದು ಮೊದಲಿನಿಂದ ಬಂದದ್ದು. ಅಣ್ಣ ಸತ್ತ ವಾರ ಮೂರು ಎತ್ತಿದರು. ಶನಿವಾರ ನಾವು ಅರವತ್ತು ಜನ ಒಂದೇ ದನಿಯಲ್ಲಿ ಶೋಕದ ಹಾಡು ಹೇಳುತ್ತ ಶವದ ಸುತ್ತ ಸುತ್ತುತ್ತಿದ್ದಾಗ ನಡುವಿನಿಂದ ಒಂದು ಕೂಗು ಎದ್ದಿತು: ‘ಸತ್ತೋನು ಈರುಳ್ಳಿ ತಿನ್ನಲ್ಲ ನಾನಾ, ಮೂರು ಬೋಗುಣಿ ಯಾರ ಹೊಟ್ಟೆಗೆ?’

ಎಲ್ಲರೂ ನಕ್ಕರು. ಹೆಣದ ಮುಂದೆ, ಅರವತ್ತು ಜನವೂ. ಡೋಲು ನಿಂತಿತು. ನಾನಾ ತಿರುಗಿ ನೋಡಿದರೆ ಬರೀ ಕೆಂಪು ಕಪ್ಪು. ಒಂದೇ ಬಟ್ಟೆಯೊಳಗೆ ನಿಂತಾಗ ಬಾಯಿ ತಾನಾಗಿ ಸಡಿಲವಾಗುತ್ತದೆ, ದುಫಿಯೆ. ಆಡಿದ ಮಾತು ಯಾವಳೋ ಒಬ್ಬಳದು ಅನ್ನಿಸುವುದೇ ಇಲ್ಲ.

‘ಹೆಸರು ಬರ್ಲಿ, ಆಮೇಲೆ ಚೀಲ ಇಳೀಲಿ’ ಅಂದರು ನಾನಾ. ಲಾರಿಗಳು ತುಂಬಿಕೊಂಡೇ ನಿಂತವು. ನಾಲ್ಕನೆಯ ದಿನ ನಾತ ಶುರುವಾಯಿತು. ಆರನೆಯ ದಿನ ಡೋಲಿನವನನ್ನು ಕರೆಸಿದರು. ‘ಅಮ್ಮಾ, ಯಾರ ಮುಖಾನೂ ನೆನಪಿಲ್ಲ. ಕೂಗು ಬಂದ ಕಡೆ ಬೆನ್ನ ಮೇಲೆ ಬಿಳಿ ಗುಂಡಿ ಇದ್ದೋಳು ಒಬ್ಬಳು ಇದ್ಲು, ಅಷ್ಟೇ ಗೊತ್ತು’ ಅಂದ. ಕೂಗಿದ್ದು ಅವಳೇ ಎಂದು ಅವನು ಹೇಳಲಿಲ್ಲ. ಹೇಳುವ ಅಗತ್ಯ ಬೀಳಲಿಲ್ಲ.

‘ಅವಳೇ ಅನ್ನೋರು ಕೈ ಎತ್ತಿ’ ಅಂದರು ನಾನಾ. ಒಂದು ಕೈ ಎದ್ದಿತು, ಅದನ್ನು ನೋಡಿ ಇನ್ನೊಂದು. ನಾನು ಮೊದಲೂ ಎತ್ತಲಿಲ್ಲ, ಕೊನೆಗೂ ಉಳಿಯಲಿಲ್ಲ, ಮೂವತ್ತನೆಯದೋ ಏನೋ. ನಡುವೆ ಎದ್ದ ಕೈಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ನೀನು ಒಂದು ಸಲ ‘ನಾನಲ್ಲ’ ಅಂದೆ. ಆಮೇಲೆ ಟಗರು ತಂದು ಕಟ್ಟಿದೆ, ಬಾಟಲಿ ಇಟ್ಟೆ, ಟಕೊರಾಡಿಯ ಬಸ್ಸು ಹತ್ತಿದೆ. ಅವತ್ತೇ ಸಂಜೆ ಚೀಲ ಇಳಿದವು.

ಬಾ. ಮೊಣಕಾಲು ಒಂದು ಗಳಿಗೆ ನೋಯುತ್ತದೆ, ಕಟ್ಟೆ ಸಾಯುವ ತನಕ ಇರುತ್ತದೆ. ಬಸ್ ನಿಲ್ದಾಣದಲ್ಲಿ ಒಲೆಯ ಹೊಗೆ ಕುಡಿಯುತ್ತ ಗೆಣಸು ಕರಿಯುವ ವಯಸ್ಸಲ್ಲ ನಿನ್ನದು.

ಇಂತಿ,
ಈರುಳ್ಳಿ ಸಂಘದ ಅಕ್ಕತಂಗಿಯರು

ಮರೆತ ಮಾತು: ಸಂಘಕ್ಕೆ ಓದಿ ಹೇಳುವಾಗ ಮೇಲಿನ ಕೆಲವು ಸಾಲು ಹಾರಿಸುತ್ತೇನೆ. ಇಲ್ಲಿಂದ ಕೆಳಗಿನದನ್ನು ಓದುವುದೇ ಇಲ್ಲ.

ಕೂಗಿದವಳು ನಾನು. ನಿನಗಿದು ಸುದ್ದಿಯಲ್ಲ; ಆಗ ನನ್ನ ಮೊಣಕೈ ನಿನ್ನ ಪಕ್ಕೆಗೆ ತಾಗಿಕೊಂಡಿತ್ತು. ಅಷ್ಟು ಕೈ ಎದ್ದಾಗಲೂ ನೀನು ನೋಡಿದ್ದು ನನ್ನೊಬ್ಬಳ ಕೈಯನ್ನೇ. ಆದರೂ ನನ್ನ ಹೆಸರು ಹೇಳಲಿಲ್ಲ. ಯಾಕೆಂದು ಕೇಳಲು ಎರಡು ವರ್ಷ ಧೈರ್ಯ ಬರಲಿಲ್ಲ, ಈಗಲೂ ಕೇಳುತ್ತಿಲ್ಲ.

ಪೀಠ ಬೇಡವೆಂದರೆ ಕಾರಣ ಕೇಳುತ್ತಾರೆ. ಏರಿದರೆ ಮೊದಲು ನಿನ್ನನ್ನು ಕ್ಷಮಿಸಬೇಕು. ಅರವತ್ತು ಜನರೆದುರು ಒಬ್ಬಳೇ ನಿಲ್ಲಲು ನನ್ನ ಕಾಲು ಒಪ್ಪುವುದಿಲ್ಲ. ಹಾಳೆಯ ಮೇಲೆ ನಿಂತಿದ್ದೇನೆ, ಕೆಳಗೆ ಹೆಸರು ಬರೆದು: ಪೊಕುವಾ. ಶುಕ್ರವಾರ ತಂದು ಎಲ್ಲರೆದುರು ಓದಿಸು, ಇಲ್ಲ ಒಲೆಗೆ ಹಾಕು. ಈ ಹೊರೆಯನ್ನೂ ನಿನ್ನ ತಲೆಗೇ ಏರಿಸಿದೆ ಎಂಬುದು ನನಗೆ ಗೊತ್ತು.

ಯಾರಿಗೆ ಏನು ಸಿಕ್ಕಿತು: ನಾನಾ ಬಿರಾಗೊಗೆ ಒಂದು ಹೆಸರು. ಸಂಘದವರಿಗೆ ಅವರವರ ಚೀಲ. ನನಗೆ ಪೀಠ. ನಿನಗೆ ಈ ಕಾಗದ.