ಸಿಗಲಿಲ್ಲ ಎಂದು ಹೇಳಿದ್ದೇನೆ

ಬುಧವಾರ, ಮಧ್ಯಾಹ್ನ

ಪ್ರೀತಿಯ ಅತ್ತಿಗೆ,

ಬಾಗಿಲ ಸಂದಿಯಲ್ಲಿ ನನ್ನ ಅಕ್ಷರ ಕಂಡು ನಿಮ್ಮ ಎದೆ ಧಸಕ್ಕೆಂದಿರಬೇಕು. ಹೆದರಬೇಡಿ, ಒಬ್ಬಳೇ ಬಂದು ತೂರಿಸಿ ಹೋಗಿದ್ದೇನೆ. ಮೊದಲು ಚಿಲಕ ಹಾಕಿಕೊಂಡು ಆಮೇಲೆ ಓದಿ.

ನೀವು ಪುಟ್ಟಿಯನ್ನು ಕರೆದುಕೊಂಡು ಮನೆ ಬಿಟ್ಟ ಮೇಲೆ ಅಣ್ಣ ನೇರ ನನ್ನ ಆಫೀಸಿಗೇ ಬಂದ. ವಕೀಲರ ನೋಟಿಸು ತಪ್ಪಿಸಿಕೊಂಡು ತಿರುಗುವವರನ್ನು ಹುಡುಕಿಕೊಡುವುದೇ ನನ್ನ ಹೊಟ್ಟೆಪಾಡಲ್ಲವೇ. ಎಲ್ಲರೆದುರೂ ಮೇಜಿಗೆ ತಲೆಯಿಟ್ಟು ಅತ್ತ. ಮಗುವನ್ನು ಒಂದು ಸಲ ನೋಡಿದರೆ ಸಾಕು ಎಂದ. ಒಡಹುಟ್ಟಿದವನು ತಾನೆ. ಒಪ್ಪಿಕೊಂಡೆ.

ನೀವು ನಂಬರು, ಕೆಲಸ, ಹೆಸರು ಎಲ್ಲ ಬದಲಿಸಿದ್ದಿರಿ. ಆದರೆ ಪುಟ್ಟಿ ಬೆಳೆದಂತೆಲ್ಲ ಅವಳ ಕಿವಿ ಕೇಳಿಸುವ ಮಷೀನಿಗೆ, ಕಿವಿಯೊಳಗೆ ಕೂರುವ ಹೊಸ ಅಚ್ಚು ಬೇಕೇ ಬೇಕು. ಅದನ್ನು ಮಾಡುವ ಅಂಗಡಿಗಳಿಗೆಲ್ಲ ಫೋನ್ ಮಾಡಿ, ಎಡಗಿವಿಗೆ ಮಷೀನು ಹಾಕುವ ಹುಡುಗಿಯ ಅತ್ತೆ ನಾನು, ಅಚ್ಚನ್ನು ಸ್ಟೇಷನ್ ಹತ್ತಿರದ ಮನೆಗೆ ಕಳಿಸಿದಿರಾ ಎಂದು ಕೇಳುತ್ತಾ ಹೋದೆ. ವಿಳಾಸ ಕೇಳಿದರೆ ಜನ ಬಾಯಿ ಬಿಡುವುದಿಲ್ಲ. ತಪ್ಪು ಹೇಳಿದರೆ ತಿದ್ದುತ್ತಾರೆ. ಒಬ್ಬಳು, "ಸ್ಟೇಷನ್ ಹತ್ರ ಅಲ್ಲ ಮೇಡಂ, ಲಾಂಡ್ರಿ ಮೇಲಿನ ಮನೆ ಅಲ್ವಾ?" ಎಂದು ಬೀದಿಯ ಹೆಸರನ್ನೂ ಹೇಳಿಬಿಟ್ಟಳು.

ಅಣ್ಣನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಮೆಲ್ಲಗೆ, "ಸಿಕ್ಕಿದ್ರೆ ಅವಳಿಗೆ ಸುಳಿವು ಕೊಡ್ಬೇಡ. ಮನೆಗೆ ಹಿಂಬಾಗಿಲು ಇದೆಯಾ, ಅಷ್ಟು ನೋಡ್ಕೊಂಡು ಬಾ," ಎಂದ. ದನಿಯಲ್ಲಿ ಅಳುವಿನ ಪಸೆಯೂ ಇರಲಿಲ್ಲ. ಸಿಗಲಿಲ್ಲ ಎಂದುಬಿಟ್ಟೆ. "ನಿನ್ನ ಕಣ್ಣು ತಪ್ಪಿಸೋರು ಯಾರಿದಾರೆ?" ಎಂದು ನಕ್ಕ.

ಇವತ್ತು ಬೆಳಿಗ್ಗೆ ನನ್ನ ಪಕ್ಕದ ಮೇಜಿನವರಿಗೆ ಅದೇ ಕೆಲಸ ಒಪ್ಪಿಸಿ ಹೋಗಿದ್ದಾನೆ. ಅವರಿಗೆ ಈ ವಿದ್ಯೆ ಕಲಿಸಿದವಳು ನಾನೇ. ಆಗಲೇ ಕಿವಿ ಮಷೀನಿನ ಅಂಗಡಿಗಳ ನಂಬರು ಕೇಳಿದರು. ಮುಚ್ಚಿಹೋದ ಅಂಗಡಿಗಳದ್ದು ಕೊಟ್ಟು ಬಂದಿದ್ದೇನೆ. ಅವರೇನು ದಡ್ಡರಲ್ಲ, ನಾಳೆಯ ಹೊತ್ತಿಗೆ ದಾರಿ ಹಿಡಿಯುತ್ತಾರೆ.

ಸಂಜೆಯೊಳಗೆ ಹೊರಟುಬಿಡಿ. ಪಾತ್ರೆಪಗಡದ ಆಸೆ ಬೇಡ. ಹೋದ ಕಡೆ ಅಂಗಡಿಯವರಿಗೆ ವಿಳಾಸ ಕೊಡದೆ, ನೀವೇ ಹೋಗಿ ಅಚ್ಚು ತನ್ನಿ.

ನಿನ್ನೆ ನಿಮ್ಮ ಮನೆಯ ಎದುರು ಬದಿಯಲ್ಲಿ ನಿಂತಿದ್ದೆ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ. ಕೂಗಿ ಕರೆಯಬೇಕೆನಿಸಿತು. ಸುಮ್ಮನೆ ಬಂದುಬಿಟ್ಟೆ.

ಎಂದಿಗೂ ನಿಮ್ಮವಳೇ ಆದ,
ನಾದಿನಿ

ಮರೆತಿದ್ದೆ: ಅಮ್ಮನಿಗೂ ನೀವು ಸಿಗಲಿಲ್ಲ ಎಂದೇ ಹೇಳಿದೆ. ಅವಳು ಗಾಬರಿಯಾಗಿ, "ಲಾಂಡ್ರಿ ಮೇಲಿನ ಮನೆಯಿಂದ್ಲೂ ಹೋಗ್ಬಿಟ್ಲಾ? ಮೊನ್ನೆ ತಾನೆ ಫೋನ್ ಮಾಡಿದ್ಲಲ್ಲ," ಎಂದಳು. ನಿಮ್ಮನ್ನು ಕಂಡರೆ ಅವಳಿಗೆ ಪ್ರಾಣ, ನಿಜ. ಆದರೆ ಅಣ್ಣ ಅವಳೆದುರೂ ಅತ್ತಾನು. ಹೊಸ ವಿಳಾಸ ಅವಳಿಗೆ ಹೇಳಬೇಡಿ. ನನಗೂ ಬೇಡ.