ಕೆಂಪು ಕೊಳದ ದಂಡೆಯಲ್ಲಿ ಆದಮ್ಮ

ಸಿಂಧನೂರು
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ದುರ್ಗೀ,

ಸಿಟ್ಟಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಆದರೂ ‘ಪ್ರೀತಿಯ’ ಎಂದೇ ಕೈಗೆ ಬಂತು, ಅಳಿಸಲಿಲ್ಲ. ಗಂಟಲು ಹೇಗಿದೆ? ಭಾನುವಾರ ಹೊರಡುವಾಗ ಕೆಮ್ಮುತ್ತಿದ್ದೆ. ಲಿಂಗಸುಗೂರಿನ ಆ ರೂಮಿನ ನೀರನ್ನು ಕಾಸಿ ಕುಡಿ. ಇಡೀ ದಿನ ಲ್ಯಾಬಿನಲ್ಲಿ ಮಂದಿಯ ರಕ್ತ ಪರೀಕ್ಷಿಸುವವಳಿಗೆ ಇದನ್ನೂ ನಾನೇ ಹೇಳಬೇಕೆ? ನಿನ್ನ ಅಪ್ಪ ಆರಾಮಾಗಿದ್ದಾರೆ. ಗಿರಣಿಯಿಂದ ಬಂದು ತಲೆಯ ತೌಡು ಜಾಡಿಸಿಕೊಂಡು, ಜವಳಗೇರಾದ ಕಡೆ ನಾಟಿ ಮುಗಿಯಿತಂತೆ, ಕಾಲುವೆ ನೀರು ಈ ಸಲ ಕೊನೆಯ ಹೊಲಕ್ಕೂ ಮುಟ್ಟಿತಂತೆ ಎಂದು ಸುದ್ದಿ ಹೇಳುತ್ತಾರೆ. ನಾನು ಹೂಂಗುಟ್ಟುವುದನ್ನು ನಿನ್ನೆಯಿಂದ ನಿಲ್ಲಿಸಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನಾನು ಎರಡು ಮಾತಾಡುವುದರೊಳಗೆ ನೀನು ‘ಪೇಶಂಟ್ ಬಂದಾರವ್ವ, ಇಡ್ತೀನಿ’ ಎನ್ನುತ್ತೀ. ನಿನ್ನ ರೂಮಿನ ನಾಹಿದಾ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳಲ್ಲ, ಅವಳ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತೇನೆ. ಪೂರ್ತಿ ಓದು.

ನನ್ನ ಸಿಟ್ಟಿಗೆ ಎರಡು ಕಾರಣಗಳಿವೆ. ಭಾನುವಾರ ನನ್ನ ಆಟದಲ್ಲಿ ನೀನು ಮಾಡಿದ್ದು ಒಂದು. ನಿನ್ನ ಹೆಸರು ಬದಲಿಸುವುದಕ್ಕೆ ನಿನ್ನೆ ನಿನ್ನ ಅಪ್ಪ ಮಸ್ಕಿಯ ಬೀಗರಿಗೆ ಒಪ್ಪಿಗೆ ಕೊಟ್ಟದ್ದು ಇನ್ನೊಂದು. ನನಗೆ ಇವೆರಡೂ ಬೇರೆಬೇರೆಯಾಗಿ ಕಾಣುತ್ತಿಲ್ಲ.

ಆ ಆಟವನ್ನು ಕಂಪ್ಯೂಟರಿಗೆ ಹಾಕಿಕೊಟ್ಟವಳು ನೀನೇ. ‘ಬರೇ ಕವಿತಿ ಓದ್ಕೊಂತ ಕುಂದರ್ತೀ, ಇದ್ರಾಗೂ ಕಥಿ ಐತಿ ನೋಡು’ ಎಂದಿದ್ದೆ. ಒಂದೇ ಬದುಕಿನ ಆಟವನ್ನು ಆರಿಸಿದವಳೂ ನೀನೇ. ಒಮ್ಮೆ ನಿರ್ಧಾರ ಮಾಡಿದರೆ ಹಿಂದಕ್ಕೆ ಹೋಗಿ ತಿದ್ದುವಂತಿಲ್ಲ. ನಾಯಕಿಗೆ ಹೆಸರು ಕೇಳಿದಾಗ ನನ್ನ ಬೆರಳು ಯೋಚಿಸದೆ ‘ಆದಮ್ಮ’ ಎಂದು ಒತ್ತಿತು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಬಿಲ್ಲು ಹಿಡದು ರಾಕ್ಷಸರ್ನ ಹೊಡಿಯಾಕಿ ಹೆಸರು ಆದಮ್ಮಾ? ಆಕಿಗೊಂದು ರೊಟ್ಟಿ ಬುಟ್ಟೀನೂ ಕೊಡಬೇ!’ ನಾನೂ ನಕ್ಕೆ. ಅದು ಮದುವೆಗೆ ಮುಂಚಿನ ನನ್ನದೇ ಹೆಸರೆಂದು ನಿನಗೆ ಗೊತ್ತಿತ್ತು, ಆದರೂ ನಿನಗೆ ಅದು ನಿನ್ನ ಅಜ್ಜಿಯ ಹೆಸರು ಮಾತ್ರ.

ಆದಮ್ಮ ಬೇರು ತೊಪ್ಪಲು ಅರೆದು ಔಷಧಿ ಕೊಡುವವಳು. ಅವಳ ಜೊತೆ ನಡೆಯುವವರು ಒಬ್ಬ ಕುಂಟ ಕಮ್ಮಾರ, ಒಂದು ಒಕ್ಕಣ್ಣಿನ ನಾಯಿ, ಸುಟ್ಟ ಹಳ್ಳಿಯಿಂದ ಅವಳು ಎತ್ತಿಕೊಂಡು ಬಂದ ಒಂದು ಹುಡುಗಿ. ಕೋಟೆಯನ್ನು ರಾಕ್ಷಸರು ಮುತ್ತಿದ್ದಾರೆ. ಬೆಟ್ಟದ ಗವಿಯಲ್ಲಿ ಕೆಂಪು ಕೊಳವಿದೆ. ಅದರಲ್ಲಿ ಇಳಿದರೆ ಆದಮ್ಮ ಬೆಂಕಿಯುಗುಳುವ, ರೆಕ್ಕೆಯ ಸರ್ಪವಾಗುತ್ತಾಳೆ. ಒಂದೇ ಹಾರಾಟಕ್ಕೆ ಕೋಟೆ ಬಿಡಿಸಬಹುದು, ಯಾರೂ ಸಾಯುವುದಿಲ್ಲ. ಆದರೆ ಮತ್ತೆ ಮನುಷ್ಯಳಾಗುವಂತಿಲ್ಲ. ಮಾತು ಹೋಗುತ್ತದೆ. ಅವಳ ಹೆಸರು ಅವಳ ಜೊತೆಗಾರರ ನೆನಪಿನಿಂದಲೂ ಅಳಿಸಿಹೋಗುತ್ತದೆ. ಇಳಿಯದಿದ್ದರೆ ಎಲ್ಲರೂ ಕಾಲ್ನಡಿಗೆಯಲ್ಲಿ ಕೋಟೆಗೆ ಹೋಗಬೇಕು. ಮೂವರೂ ತಿರುಗಿ ಬರುತ್ತಾರೆಂಬ ಭರವಸೆಯಿಲ್ಲ.

ಇದರ ಮುಂದೆ ನಾನು ಎಷ್ಟು ಸಂಜೆ ಕುಳಿತಿದ್ದೆನೋ ನಿನಗೆ ಗೊತ್ತಿಲ್ಲ. ಇಂಗ್ಲಿಷಿನ ಸಾಲುಗಳನ್ನು ಶಬ್ದಕೋಶ ಹಿಡಿದು ಮತ್ತೆ ಮತ್ತೆ ಓದಿದೆ. ಒಳ್ಳೆಯ ಕವಿತೆಯನ್ನು ಓದುವಾಗ ಒಂದು ಪದದ ಮುಂದೆ ನಿಂತು ಮುಂದಿನ ಸಾಲಿಗೆ ಹೋಗಲು ಮನಸ್ಸಾಗದಂತೆ ನಿಂತಿದ್ದೆ. ಆ ಹುಡುಗಿ ಬದುಕುವುದು ದೊಡ್ಡದೋ, ನನ್ನನ್ನು ಕಂಡು ಹೆಸರು ಹಿಡಿದು ಕೂಗುವುದು ದೊಡ್ಡದೋ? ಪಲ್ಯಕ್ಕೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ. ಹುಚ್ಚೆನ್ನಬೇಡ. ಒಂದು ನಿರ್ಧಾರ ನನ್ನೆದುರು ಬಂದು, ನಾನು ಒಪ್ಪುವ ತನಕ ಕಾದು ನಿಂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ನೀನು ಕೂಗಿದೆ: ‘ಯವ್ವಾ, ಲಗೂನ ಬಾ, ನೀ ಹಾರಾಕತ್ತೀ ನೋಡಿಲ್ಲೆ!’ ಹಿಟ್ಟಿನ ಕೈಯಲ್ಲೇ ಬಂದು ನೋಡಿದರೆ ಪರದೆ ತುಂಬ ಬೆಂಕಿ. ಮೂಲೆಯಲ್ಲಿ ಆದಮ್ಮ ಎಂದಿದ್ದ ಜಾಗದಲ್ಲಿ ಏನೋ ಬಿರುದು. ಕೆಳಗೆ ಹುಡುಗಿ ನನ್ನನ್ನು ಕಂಡು ಹೆದರಿ ಕಮ್ಮಾರನ ಹಿಂದೆ ಅಡಗುತ್ತಿದ್ದಳು. ‘ಯಾರ್ನ ಕೇಳಿ ಒತ್ತಿದಿ?’ ಎಂದೆ. ನೀನು, ‘ಎಷ್ಟು ದಿನ ಆತು ದಂಡಿ ಮ್ಯಾಲ ನಿಂದ್ರಿಸಿ, ಪಾಪ ಆಕಿ ಕಾಲಿಗೆ ಬೇರು ಬಿಟ್ಟಿದ್ವು. ಹೆಂಗಿದ್ರೂ ಕೊಳಕ್ಕ ಇಳ್ಯಾದ ಅಲ್ಲನು? ಆಟ ಬೇ ಅದು!’ ಎಂದು ತಟ್ಟೆ ತೆಗೆದುಕೊಂಡು ಊಟಕ್ಕೆ ಕುಳಿತೆ.

ಒಂದು ಮಾತು ಹೇಳುತ್ತೇನೆ, ಕೇಳು. ನಾನೂ ಕೊಳಕ್ಕೆ ಇಳಿಯುವವಳೇ ಇದ್ದೆ. ಶನಿವಾರ ಸಂಜೆಗೇ ಮನಸ್ಸು ಹೆಚ್ಚುಕಡಿಮೆ ಆ ಕಡೆಗೆ ವಾಲಿತ್ತು. ಹುಡುಗಿ ಬದುಕಲಿ, ನನ್ನನ್ನು ಮರೆತರೂ ಸರಿ ಎಂದುಕೊಂಡಿದ್ದೆ. ನೀನು ಒತ್ತಿದ್ದನ್ನೇ ನಾನೂ ಒತ್ತುತ್ತಿದ್ದೆ. ಅದಕ್ಕೇ ಹೊಟ್ಟೆ ಉರಿಯುತ್ತಿದೆ. ನಾನೇ ಇಳಿದಿದ್ದರೆ ಅದು ನಾನು ಕೊಟ್ಟದ್ದಾಗುತ್ತಿತ್ತು. ಈಗ ಅದು ನನ್ನಿಂದ ಕಿತ್ತುಕೊಂಡದ್ದು.

ಇನ್ನು ಮಸ್ಕಿಯವರ ವಿಷಯ. ನಿನ್ನೆ ಪವನನ ಮನೆಯಿಂದ ಫೋನ್ ಬಂತು. ಪವನನ ತಾಯಿಯ ಹೆಸರೂ ದುರ್ಗಾದೇವಿ. ಅತ್ತೆಯ ಹೆಸರಿನ ಸೊಸೆಯನ್ನು ಮನೆಯಲ್ಲಿ ಹೆಸರು ಹಿಡಿದು ಕೂಗುವುದು ಹೇಗೆ, ಅದಕ್ಕೇ ಹುಡುಗಿಗೆ ‘ಸ್ಫೂರ್ತಿ’ ಎಂದು ಇಡುತ್ತೇವೆ, ಲಗ್ನಪತ್ರಿಕೆಯಲ್ಲೂ ಹಾಗೇ ಹಾಕಿಸಿ ಅಂದರಂತೆ. ನಿನ್ನ ಅಪ್ಪ ‘ಆಗ್ಲಿ ಬಿಡ್ರಿ, ಅದಕ್ಯಾಕ ಕೇಳ್ತೀರಿ’ ಅಂದರು. ಹುಡುಗಿಯನ್ನು ಕೇಳಿದಿರಾ ಎಂದು ನಾನು ಅಂದರೆ, ‘ಫೋನಿನಾಗ ಕೇಳೀನಿ. ನೀವು ಹೆಂಗಂತೀರೋ ಹಂಗ ಅಂದಾಳ’ ಎಂದರು. ಹೌದೇನು? ಅವ್ವನ ಆಟದಲ್ಲಿ ಕೇಳದೇ ಒತ್ತುವ ಧೈರ್ಯ ನಿನಗಿದೆ, ನಿನ್ನ ಹೆಸರಿಗೆ ಮಾತ್ರ ಅಪ್ಪನ ಬೆರಳು ಬೇಕು! ಪೇಶಂಟಿನ ಹೆಸರಿನ ಒಂದು ಅಕ್ಷರ ತಪ್ಪಿದರೆ ರಕ್ತದ ಬಾಟಲಿಯನ್ನೇ ಎಸೆದು ಮತ್ತೆ ಚುಚ್ಚುವವಳು ನೀನು. ನಿನ್ನ ಹೆಸರಿಗೆ ಅಷ್ಟೂ ಕಿಮ್ಮತ್ತಿಲ್ಲವೇ?

‘ಹೆಸರು ಬದಲಾದ್ರ ಏನಾತು, ನಿನಗೇನ್ ಕಡಿಮಿ ಆತು?’ ಎಂದು ನಿನ್ನ ಅಪ್ಪ ನನ್ನನ್ನೇ ಕೇಳಿದರು. ಇಷ್ಟು ವರ್ಷಗಳಿಗೆ ಕೇಳಿದರಲ್ಲ! ನಾನು ಈ ಮನೆಗೆ ಬಂದ ದಿನ ಹಿತ್ತಾಳೆ ತಾಟಿನಲ್ಲಿ ಅಕ್ಕಿ ಹರವಿ ಉಂಗುರದಿಂದ ಅವರು ಏನೋ ಬರೆದರು. ನಾನು ಎದುರಿಗೆ ಕುಳಿತಿದ್ದೆ, ನನ್ನ ಹೊಸ ಹೆಸರನ್ನು ತಲೆಕೆಳಗಾಗಿ ಓದಿಕೊಂಡೆ. ಸುಕನ್ಯಾ. ಅಲ್ಲಿಯ ತನಕ ನನಗೆ ಯಾರೂ ಹೇಳಿರಲಿಲ್ಲ. ನಿನ್ನ ಅಜ್ಜಿ ಎಲ್ಲರೆದುರು ಅಂದರು: ‘ನನ್ನ ಮನ್ಯಾಗ ನನ್ನ ಹೆಸರ್ಹಿಡದು ಇನ್ನೊಬ್ಬಾಕಿನ್ನ ಬೈದ್ರ ನಾ ಹೆಂಗ ಕೇಳ್ಕೊಂತ ಕುಂದರ್ಲಿ?’ ಎಲ್ಲರೂ ನಕ್ಕರು. ಸೊಸೆಯನ್ನು ಬೈಯುವುದಂತೂ ಖಾತ್ರಿ, ಹೆಸರಿನದಷ್ಟೇ ತಕರಾರು! ಆಮೇಲೆ ಪಾಠ ಹೇಳಲು ಕಾಲೇಜಿಗೆ ಹೋದರೆ, ಎಂ.ಎ. ಸರ್ಟಿಫಿಕೇಟಿನ ಈ ಆದಮ್ಮ ಯಾರು ಎಂದು ಕೇಳಿದರು. ಆದಮ್ಮ, ಸುಕನ್ಯಾ ಇಬ್ಬರೂ ಒಬ್ಬಳೇ ಎಂದು ಕೋರ್ಟಿನ ಮುಂದೆ ನಿಂತು ಪ್ರಮಾಣ ಮಾಡಿದೆ. ಈಗ ತವರಿನವರು ಬಸ್‌ಸ್ಟ್ಯಾಂಡಿನಲ್ಲಿ ‘ಆದಮ್ಮಾ’ ಎಂದು ಕೂಗಿದರೆ, ಯಾರನ್ನೋ ಕೂಗುತ್ತಿದ್ದಾರೆಂದು ಮುಂದೆ ನಡೆದುಬಿಡುತ್ತೇನೆ. ಕಡಿಮೆಯಾದದ್ದು ಇದು. ನಿನ್ನ ಅಪ್ಪನಿಗೆ ಹೇಳಿದೆ. ಚಹಾ ಆರಿತು ಎಂದರು.

ನೀನು ಹೆಸರು ಬಿಡಬೇಡ ಎಂದು ನಾನು ಹೇಳುತ್ತಿಲ್ಲ. ನಿನಗೆ ಸ್ಫೂರ್ತಿ ಎಂಬುದು ಚಂದ ಕಾಣಬಹುದು. ದುರ್ಗೀ ದುರ್ಗೀ ಎಂದು ಶಾಲೆಯಲ್ಲಿ ಕಾಡಿಸುತ್ತಿದ್ದರೆಂದು ಅತ್ತವಳು ನೀನು. ಪವನ ಒಳ್ಳೆಯ ಹುಡುಗ, ಅವನ ತಾಯಿಯೂ ಕೆಟ್ಟವರಲ್ಲ, ರೂಢಿಯನ್ನು ನಡೆಸುತ್ತಿದ್ದಾರೆ. ಹೊಸ ಮನೆ, ಹೊಸ ಹೆಸರು, ಅದರಲ್ಲಿ ಒಂದು ಬಲವೂ ಇರಬಹುದು. ಇದ್ದರೆ ಇಳಿ. ಆದರೆ ನೀನೇ ಇಳಿ. ‘ನೀವು ಹೆಂಗಂತೀರೋ ಹಂಗ’ ಎಂಬುದು ಉತ್ತರವಲ್ಲ, ಅದು ಬೆನ್ನು ತಿರುಗಿಸಿ ನಿಂತು ಯಾರಾದರೂ ದೂಡಲಿ ಎಂದು ಕಾಯುವುದು.

ಸಾಕು, ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಉಪ್ಪಿನಕಾಯಿ ನಾಹಿದಾಳ ಚೀಲದಲ್ಲಿದೆ, ಇಬ್ಬರೂ ಹಂಚಿಕೊಳ್ಳಿ. ಎಲ್ಲಿದ್ದರೂ ತಲೆ ಎತ್ತಿಕೊಂಡು ಗಟ್ಟಿಯಾಗಿರು, ಬೈದ ಬಾಯಿಂದಲೇ ಹರಸುತ್ತಿದ್ದೇನೆ.

ನಿನ್ನ
ಅವ್ವ

ಮ.ವಿ.: ಬುಧವಾರ ಬೆಳಿಗ್ಗೆ, ನಾಹಿದಾ ಬಾಗಿಲಲ್ಲಿ ನಿಂತಿದ್ದಾಳೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ಖಾದರಬಾಷಾ ಅವರ ಪ್ರೆಸ್ಸಿಗೆ ಹೋಗಿದ್ದೆ. ನಿನ್ನ ಅಪ್ಪ ಆಗಲೇ ‘ಸ್ಫೂರ್ತಿ’ ಎಂದು ಬರೆಸಿ ಬಂದಿದ್ದರು. ಅದನ್ನು ತೆಗೆಸಿದೆ. ‘ದುರ್ಗಾದೇವಿ’ ಎಂದೂ ಹಾಕಿಸಲಿಲ್ಲ. ‘ಹುಡಿಗಿ ಹೆಸರಿಲ್ಲದ ಪತ್ರಿಕಿ ನಾ ಇನ್ನತನಕ ನೋಡಿಲ್ರೀ ಅಕ್ಕಾರ’ ಎಂದು ಅವರು ನಕ್ಕರು. ನಿನ್ನ ದನಿ ಕೇಳುವ ತನಕ ಅಚ್ಚು ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಮಸ್ಕಿಗೂ ನಾನೇ ಫೋನ್ ಮಾಡಿ, ಲಿಂಗಸುಗೂರಿನಿಂದ ಉತ್ತರ ಬರುತ್ತದೆ ಎಂದಿದ್ದೇನೆ. ನಿನ್ನ ಅಪ್ಪ ರಾತ್ರಿ ಉಣ್ಣಲಿಲ್ಲ, ನಾನು ಉಂಡೆ. ಪ್ರೆಸ್ಸಿನ ನಂಬರು ನಾಹಿದಾಳ ಹತ್ತಿರ ಇದೆ. ಯಾವ ಹೆಸರಾದರೂ ಸರಿ, ನೀನೇ ಹೇಳು. ನಿನ್ನ ಪರವಾಗಿ ನಾನು ಹೇಳುವುದಿಲ್ಲ, ನಾಲಿಗೆ ಎಷ್ಟೇ ತುರಿಸಲಿ.