ಹನ್ನೊಂದು ಕೂಸುಗಳು, ಏಳು ಲೀಟರ್ ಡೀಸೆಲ್

ಅಣ್ಣಿಗೇರಿ ಹೊರವಲಯದ ಸಿದ್ಧ ಉಡುಪು ಕಾರ್ಖಾನೆಯ ಸಿಬ್ಬಂದಿ ವಿಭಾಗದ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಾರ್ಖಾನೆಯ ಬಸ್ ಚಾಲಕ ಮಾಳಿಂಗರಾಯರನ್ನು ನೀವು ಅಮಾನತಿನಲ್ಲಿಟ್ಟಿದ್ದೀರಿ. ಕಳೆದ ತಿಂಗಳ ಎರಡನೆಯ ರವಿವಾರ, ನಿಮ್ಮ ಆವರಣದಲ್ಲಿ 'ಕುಟುಂಬೋತ್ಸವ' ನಡೆಯುತ್ತಿದ್ದಾಗ, ಅವರು ಅನುಮತಿಯಿಲ್ಲದೆ ಕಂಪನಿಯ ವಾಹನವನ್ನು ಅನ್ಯ ಉದ್ದೇಶಕ್ಕೆ ಬಳಸಿ ಏಳು ಲೀಟರ್ ಡೀಸೆಲ್ ಅಪವ್ಯಯ ಮಾಡಿದರೆಂಬುದು ಆರೋಪ. ನೋಟಿಸಿನ ಪ್ರತಿ ನನ್ನ ಮುಂದಿದೆ. ಎರಡು ಸಲ ಓದಿದ್ದೇನೆ. ವಾಕ್ಯಗಳು ಶುದ್ಧವಾಗಿವೆ, ಲೀಟರಿನ ಲೆಕ್ಕ ಅಚ್ಚುಕಟ್ಟಾಗಿದೆ. ಆ ಬಸ್ಸಿನೊಳಗೆ ಹನ್ನೊಂದು ಮಕ್ಕಳು ಇದ್ದರೆಂಬ ಸಂಗತಿ ಮಾತ್ರ ಅದರಲ್ಲಿ ಎಲ್ಲಿಯೂ ಇಲ್ಲ. ಮೂವತ್ನಾಲ್ಕು ವರ್ಷ ಉತ್ತರಪತ್ರಿಕೆ ತಿದ್ದಿದವಳು ನಾನು. ಮುಖ್ಯ ಸಂಗತಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಅಂದವಾಗಿ ಬರೆದವರಿಗೆ ನಾನು ಎಂದೂ ಅಂಕ ಕೊಟ್ಟಿಲ್ಲ.

ಆ ದಿನದ ಮುಖ್ಯ ಅತಿಥಿ ನಾನೇ ಆಗಿದ್ದೆನೆಂಬುದನ್ನು ನೀವು ಮರೆತಿರಲಾರಿರಿ. 'ಕೆಲಸದಲ್ಲಿ ಏಕಾಗ್ರತೆ' ಎಂಬ ವಿಷಯವನ್ನೂ ನೀವೇ ಕೊಟ್ಟಿರಿ. ಆದ್ದರಿಂದ ನಾನು ಯಾರಿಂದಲೋ ಕೇಳಿದ ಮಾತನ್ನು ಬರೆಯುತ್ತಿಲ್ಲ. ಅರ್ಧ ಕಣ್ಣಾರೆ ಕಂಡದ್ದು. ಉಳಿದರ್ಧವನ್ನು ಅದನ್ನು ಅನುಭವಿಸಿದವರ ಬಾಯಿಂದಲೇ, ಅದೇ ದಿನ, ಅದೇ ಬಸ್ಸಿನಲ್ಲಿ ಕುಳಿತು ಕೇಳಿದ್ದು.

ಮೊದಲು ನಿಮ್ಮ ಸುತ್ತೋಲೆಯ ವಿಚಾರ. ಅದರಲ್ಲಿ ಮೂರು ಸಾಲುಗಳಿದ್ದವು. ಉತ್ಸವಕ್ಕೆ ಎಲ್ಲ ಹೊಲಿಗೆ ಕೆಲಸಗಾರರ ಹಾಜರಾತಿ ಕಡ್ಡಾಯ. ಬಾರದವರಿಗೆ ಕೆಲಸದ ದಿನ ಗೈರಾದಂತೆ ಗೈರುಹಾಜರಿ ಬೀಳುತ್ತದೆ. ಸಭಾಂಗಣದೊಳಗೆ ಮಕ್ಕಳಿಗೆ ಪ್ರವೇಶವಿಲ್ಲ. ಇದಕ್ಕೆ ಕುಟುಂಬೋತ್ಸವವೆಂದು ಹೆಸರಿಡಲು ನಿಮಗೆ ಯಾರು ಸಲಹೆ ಕೊಟ್ಟರೋ ತಿಳಿಯದು. ತಾಯಂದಿರನ್ನು ಕರೆದು ಮಕ್ಕಳನ್ನು ಹೊರಗಿಟ್ಟ ಕುಟುಂಬ ಯಾವುದು? ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ನಗುವ ಕೂಸನ್ನೆತ್ತಿಕೊಂಡ ಹೆಣ್ಣುಮಗಳ ಚಿತ್ರವಿತ್ತು. ಆ ಚಿತ್ರದ ಕೂಸೊಂದಕ್ಕೇ ಆ ದಿನ ಒಳಗೆ ಜಾಗವಿದ್ದದ್ದು.

ನಿಮ್ಮಲ್ಲಿ ಶಿಶುಪಾಲನಾ ಕೊಠಡಿ ಇಲ್ಲವೇ? ಇದೆ. ಉತ್ಸವಕ್ಕೆ ಮುಂಚೆ ನೀವೇ ನನ್ನನ್ನು ಅದರ ಕಿಟಕಿಯ ಬಳಿ ನಿಲ್ಲಿಸಿ ಹೆಮ್ಮೆಯಿಂದ ತೋರಿಸಿದಿರಿ. ಗೋಡೆಯ ಮೇಲೆ ಆನೆ, ಮೊಲ, ನವಿಲು. ನಾಲ್ಕು ತೊಟ್ಟಿಲು, ಎರಡು ಫ್ಯಾನು, ಹೊಳೆಯುವ ಚಾಪೆ. ಬಾಗಿಲಿಗೆ ಬೀಗ. ಬೀಗವೇಕೆಂದು ಕೇಳಿದೆ. "ರವಿವಾರ ಆಯಾಗೆ ರಜೆ, ಮೇಡಂ. ಕಾನೂನು ಹೇಳುವುದು ಕೆಲಸದ ದಿನಕ್ಕೆ ಮಾತ್ರ," ಎಂದಿರಿ. ನಾನು ತಲೆಯಾಡಿಸಿ ಮುಂದೆ ನಡೆದೆ. ಆ ತಲೆಯಾಡಿಸಿದ್ದಕ್ಕೆ ಇಂದಿಗೂ ನನಗೆ ನಾಚಿಕೆಯಿದೆ. ಹಾಜರಿ ಪುಸ್ತಕಕ್ಕೆ ಆ ರವಿವಾರ ಕೆಲಸದ ದಿನ, ಕೂಸಿನ ತೊಟ್ಟಿಲಿಗೆ ಅದೇ ರವಿವಾರ ರಜಾದಿನ. ಒಂದೇ ದಿನಕ್ಕೆ ಎರಡು ಪಂಚಾಂಗ ಬರೆಯುವ ಅಧಿಕಾರ ನಿಮಗೆ ಎಲ್ಲಿಂದ ಬಂತು, ಸ್ವಾಮಿ?

ಉತ್ಪಾದನೆಯ ಒಂದು ತಾಸೂ ಕೆಡಬಾರದೆಂದು ರವಿವಾರವನ್ನು ಆರಿಸಿದಿರಿ. ಅದು ನಿಮ್ಮ ಜಾಣತನ. ಆದರೆ ರವಿವಾರ ಅಂಗನವಾಡಿ ತೆರೆದಿರುವುದಿಲ್ಲ, ಶಾಲೆ ತೆರೆದಿರುವುದಿಲ್ಲ. ಆ ವಾರ ಈ ಸೀಮೆಯಲ್ಲಿ ಕಡಲೆ ಕೀಳುವ ಕೆಲಸ ಭರದಲ್ಲಿತ್ತು. ಬಿಸಿಲೇರುವ ಮೊದಲೇ ಊರಿಗೆ ಊರೇ ಹೊಲದಲ್ಲಿರುತ್ತದೆ. ಮನೆಯಲ್ಲಿ ಅಜ್ಜಿ ಇರುತ್ತಾಳೆಂದು ನೀವು ಭಾವಿಸಿದ್ದರೆ, ಆ ಅಜ್ಜಿಯೂ ಸಾಲು ಹಿಡಿದು ಕಡಲೆ ಕೀಳುತ್ತಿದ್ದಳೆಂದು ತಿಳಿಯಿರಿ. ಹಾಗಾಗಿ ತಿರ್ಲಾಪುರದ ಕಡೆಯಿಂದ ಬಂದ ಬಸ್ಸಿನಲ್ಲಿ ಹನ್ನೊಂದು ಮಕ್ಕಳೂ ಬಂದರು. ಚಿಕ್ಕದಕ್ಕೆ ಹದಿನಾಲ್ಕು ತಿಂಗಳು, ದೊಡ್ಡವಳಿಗೆ ಒಂಬತ್ತು ವರ್ಷ. ಗೇಟಿನ ಕಾವಲುಗಾರ ಇಸ್ರಾರ್ ಅವರನ್ನು ತಡೆದ, ಏಕೆಂದರೆ ತಡೆಯುವುದೇ ಅವನ ಕೆಲಸ. ಆದರೆ ಅವನು ನಿಮಗೆ ಫೋನ್ ಮಾಡಿ ಕೇಳಿಯೂ ಕೇಳಿದ. "ಎರಡು ತಾಸಿನ ಮಾತು, ಬಸ್ಸಿನಲ್ಲಿಯೇ ಕೂಡ್ರಿಸಿ," ಎಂದಿರಿ. ಈ ಮಾತು ನಿಮ್ಮ ನೋಟಿಸಿನಲ್ಲಿ ಏಕಿಲ್ಲ?

ಎರಡು ತಾಸು ಮೂರೂವರೆ ತಾಸಾಯಿತು, ಏಕೆಂದರೆ ಬೆಂಗಳೂರಿನಿಂದ ಬರಬೇಕಾದ ನಿರ್ದೇಶಕರು ತಡವಾಗಿ ಬಂದರು. ಅಷ್ಟು ಹೊತ್ತನ್ನು ತುಂಬಿಸಲು ನನಗೆ ಮಾತನಾಡಲು ಹೇಳಿದಿರಿ. ನಾನು ಮಾತನಾಡಿದೆ. ಚೆನ್ನಾಗಿಯೇ ಮಾತನಾಡಿದೆನೆಂದು ಆಗ ಅಂದುಕೊಂಡಿದ್ದೆ. ಸಭೆಯಲ್ಲಿದ್ದ ಹೆಣ್ಣುಮಕ್ಕಳು ಮಾತ್ರ ನಾಲ್ಕೈದು ನಿಮಿಷಕ್ಕೊಮ್ಮೆ, ಯಾರೋ ಹಗ್ಗ ಹಿಡಿದು ಎಳೆದಂತೆ, ಎಡಗಡೆಯ ಕಿಟಕಿಗಳತ್ತ ತಿರುಗುತ್ತಿದ್ದರು. ಹೊರಗೆ ನಿಮ್ಮ ಬಿಳಿ ಬಸ್ಸು ಕಟ್ಟಡವನ್ನು ಸುತ್ತುತ್ತಿತ್ತು. ಹಾದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬಸ್ಸು ಮರೆಯಾದ ಮೇಲೆ ಎಲ್ಲರೂ ನನ್ನತ್ತ ತಿರುಗುತ್ತಿದ್ದರು. ತರಗತಿಯಲ್ಲಿ ಕಿಟಕಿಯಾಚೆ ನೋಡಿದವರನ್ನು ನಾನು ಎಂದೂ ಸುಮ್ಮನೆ ಬಿಟ್ಟವಳಲ್ಲ. ಏಕಾಗ್ರತೆಯ ಮೇಲೆ ಉಪನ್ಯಾಸ ಕೊಡುವಾಗ ಬಿಡುವುದಾದರೂ ಹೇಗೆ? ಮೂರನೆಯ ಸಾಲಿನ ನೀಲಿ ಸೀರೆಯ ಹುಡುಗಿಯನ್ನು ಎದ್ದು ನಿಲ್ಲಿಸಿದೆ.

"ನಾನು ಈಗ ಏನು ಹೇಳಿದೆ?"

"ಗೊತ್ತಿಲ್ರಿ, ಅಕ್ಕಾರ."

"ಹೊರಗೆ ಏನಿದೆ ಅಂಥದ್ದು? ಬಸ್ಸನ್ನು ಎಂದೂ ನೋಡಿಲ್ಲವೇ?"

ಸಭೆ ನಕ್ಕಿತು. ನಕ್ಕವರು ಯಾರೆಂದು ನಿಮಗೆ ಗೊತ್ತು. ಮುಂದಿನ ಸಾಲಿನ ಕುರ್ಚಿಗಳಲ್ಲಿದ್ದ ನಿಮ್ಮ ಮೇಲ್ವಿಚಾರಕರು. ವೇದಿಕೆಯ ಮೇಲೆ ನನ್ನ ಪಕ್ಕದಲ್ಲಿದ್ದ ನೀವು ಚಪ್ಪಾಳೆ ತಟ್ಟಿದಿರಿ. ಬಸ್ಸಿನಲ್ಲಿ ಏನಿದೆಯೆಂದು ಆ ವೇದಿಕೆಯ ಮೇಲೆ ಬಲ್ಲವರು ನೀವೊಬ್ಬರೇ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಆಡಿದ್ದು ನನ್ನ ತಪ್ಪು. ಗೊತ್ತಿದ್ದೂ ಚಪ್ಪಾಳೆ ತಟ್ಟಿದ್ದಕ್ಕೆ ಏನೆಂದು ಹೆಸರಿಡಬೇಕೋ ನೀವೇ ಹೇಳಿ. ಆ ಹುಡುಗಿ ನಿಂತೇ ಇದ್ದಳು. ಕುಳಿತುಕೊಳ್ಳಲು ಹೇಳುವುದನ್ನು ನಾನು ಮರೆತೆ.

ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಮನೆಗೆ ಬಿಡಬೇಕಾದ ಕಾರು ನಿರ್ದೇಶಕರನ್ನು ಹುಬ್ಬಳ್ಳಿಗೆ ಒಯ್ದಿತ್ತು. ನನ್ನನ್ನು ಕೆಲಸಗಾರರ ಬಸ್ಸು ಹತ್ತಿಸಿದಿರಿ. ಮೇಲೆ ಕಾಲಿಟ್ಟ ಕೂಡಲೇ ಬಿಸಿ ತಗಡಿನ, ಬಿಸ್ಕೀಟಿನ, ಕೂಸಿನ ಉಚ್ಚೆಯ ವಾಸನೆ ಮೂಗಿಗೆ ಬಡಿಯಿತು. ಸೀಟುಗಳ ಮೇಲೆ ಮಕ್ಕಳು ಬಟ್ಟೆಯ ಗಂಟುಗಳಂತೆ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದರು. ನೀಲಿ ಸೀರೆಯ ಹುಡುಗಿ, ಹೆಸರು ಸುನಿತಾ, ಹದಿನಾಲ್ಕು ತಿಂಗಳ ಮಗನನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು. ಅವನು ನಿದ್ದೆಗಣ್ಣಿನಲ್ಲಿಯೇ ಹಾಲಿಗೆ ಹತ್ತಿದ.  ಹಿಂದಿನ ಸೀಟಿನಿಂದ ಖಾದರಬಿ ಎಂಬಾಕೆ ಬಾಯಿ ತೆರೆದಳು.

"ಅಕ್ಕಾರ, ಈಗರ ಆಕೀನ ಕುಂದರ್ಸ್ರಿ. ಮನಸಿನ್ಯಾಗ ಆಕಿ ಇನ್ನೂ ನಿಂತs ಅದಾಳ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬಸ್ಸನ್ನು ಏಕೆ ಸುತ್ತಿಸುತ್ತಿದ್ದಿರೆಂದು ಚಾಲಕರನ್ನು ಕೇಳಿದೆ.

"ಮತ್ತೇನ್ ಮಾಡ್ಲಿರೀ ಅಕ್ಕಾರ," ಎಂದರು ಮಾಳಿಂಗರಾಯ, ರಸ್ತೆಯಿಂದ ಕಣ್ಣು ತೆಗೆಯದೆ. "ಗಾಡಿ ನಿಂದ್ರಿಸಿದ್ರ ಒಳಗ ಅಗದಿ ರೊಟ್ಟಿ ಹಂಚ ಆಗತಿತ್ರಿ. ಒಂದು ಅತ್ತರ ಹನ್ನೊಂದೂ ಅಳ್ತಾವು. ಗಾಡಿ ಹೊಂಟಿತಂದ್ರ ಗಾಳಿ ಬರತೈತಿ, ಸುಮ್ಮನಾಗ್ತಾವು. ಬ್ರೇಕ್ ಹಾಕಿದೆ, ಮತ್ತ ಅಳೂದು ಚಾಲೂ. ಹಂಗಾಗಿ ಬ್ರೇಕs ಹಾಕಲಿಲ್ರಿ."

"ಮೂರೂವರೆ ತಾಸೂ?"

"ನಡುವ ಎರಡು ಸಲ ನಿಂದ್ರಿಸಿ ಎಲ್ಲಾರ್ನೂ ಇಳಿಸಿ ಉಚ್ಚಿ ಹೊಯ್ಸೀನ್ರಿ. ಒಬ್ಬಾವ ಇಳ್ಯೂತನಾ ತಡೀಲಿಲ್ಲ, ನನ್ನ ಟಾವೆಲ್ ಹೋತು."

"ನಮ್ಮ ಹುಡುಗಿ ಕಂಡಕ್ಟರ್ ಆಗಿದ್ದಳ್ರಿ," ಎಂದಳು ಖಾದರಬಿ. ಆ ಒಂಬತ್ತು ವರ್ಷದವಳು ಅವಳ ಮಗಳೇ. ಎಚ್ಚರಾಗಿದ್ದ ಆ ಪೋರಿ ಕೂಡಲೇ, "ಯಾರ್ರೀ ಗದಗ! ಹುಬ್ಬಳ್ಳಿ ಯಾರ್ರೀ! ಚಿಲ್ಲರ ಕೊಡ್ರಿ!" ಎಂದು ಕೂಗಿ ತೋರಿಸಿದಳು. ಮೂರೂವರೆ ತಾಸಿನಲ್ಲಿ ಅವಳು ಎಷ್ಟು ಸಲ ಹುಬ್ಬಳ್ಳಿಗೆ ಹೋಗಿ ಬಂದಳೋ, ಕಾರ್ಖಾನೆಯ ಗೋಡೆ ದಾಟದೆ.

ಸುನಿತಾಳ ಬಳಿ ಹೋಗಿ ಕುಳಿತೆ. ಕಿಟಕಿಯಲ್ಲಿ ಏನು ನೋಡುತ್ತಿದ್ದೆಯೆಂದು ಮತ್ತೊಮ್ಮೆ ಅದೇ ಪ್ರಶ್ನೆ ಕೇಳಿದೆ, ಈ ಸಲ ಮೆಲ್ಲಗೆ. "ಇವನ ತಲಿ ಮ್ಯಾಲಿನ ಕೆಂಪು ಕುಲಾಯಿ ಕಾಣತೈತೇನಂತ ನೋಡ್ತಿದ್ನಿರಿ," ಎಂದಳು. "ಕಂಡ್ರ ಕುಂತಾನ. ಕಾಣದಿದ್ರ ಸೀಟಿನ ಕೆಳಗ ಬಿದ್ದಾನೋ ಏನೋ. ಕಡೀಕ ಕಡೀಕ ಕಾಣಲಿಲ್ರಿ. ಅವಾಗs ನೀವು ನನ್ನ ಎಬ್ಬಿಸಿದ್ರಿ."

ನೀವು ಕೇಳಬಹುದು: ಒಬ್ಬ ಚಾಲಕ, ಹಿಡಿದುಕೊಳ್ಳುವ ದೊಡ್ಡವರಿಲ್ಲದ ಹನ್ನೊಂದು ಮಕ್ಕಳು, ಓಡುತ್ತಿರುವ ಬಸ್ಸು; ಇದು ಸುರಕ್ಷಿತವೇ? ಅಲ್ಲ. ಖಂಡಿತ ಅಲ್ಲ. ಆಳು ನಡೆಯುವಷ್ಟೇ ವೇಗದಲ್ಲಿ ಓಡಿಸಿದರೆಂದರೂ ಅಲ್ಲ. ಒಂಬತ್ತು ವರ್ಷದ ಹುಡುಗಿಯ ಮಡಿಲು ತೊಟ್ಟಿಲಲ್ಲ. ನಾನೂ ಅದನ್ನೇ ಹೇಳುತ್ತಿದ್ದೇನೆ. ಆದರೆ ನಿಮ್ಮ ನೋಟಿಸು ಮಕ್ಕಳಿಗೆ ಅಪಾಯವಾಗುತ್ತಿತ್ತೆಂದು ಹೇಳುವುದಿಲ್ಲ, ಡೀಸೆಲ್ ಹಾಳಾಯಿತೆಂದು ಹೇಳುತ್ತದೆ. ಅಪಾಯವೆಂದು ಬರೆದರೆ ಆ ಮಕ್ಕಳನ್ನು ಅಲ್ಲಿ ಕೂಡ್ರಿಸಿದವರು ಯಾರೆಂದೂ ಬರೆಯಬೇಕಾಗುತ್ತಿತ್ತಲ್ಲ. ಬಿಸಿಲಿನಲ್ಲಿ ನಿಂತ ತಗಡಿನ ಪೆಟ್ಟಿಗೆಯೊಳಗೆ ಮಕ್ಕಳನ್ನು ಬಿಟ್ಟು, ನೆರಳು ಹುಡುಕಿಕೊಂಡು ಬೀಡಿ ಸೇದುತ್ತ ಕುಳಿತಿದ್ದರೆ ಮಾಳಿಂಗರಾಯ ಈ ಹೊತ್ತಿಗೂ ನಿಮ್ಮ ನಿಷ್ಠಾವಂತ ನೌಕರರಾಗಿರುತ್ತಿದ್ದರು. ಅವರ ಅಪರಾಧವೆಂದರೆ, ನೀವು ಕೈತೊಳೆದುಕೊಂಡ ಕೆಲಸವನ್ನು ತಮಗೆ ತಿಳಿದ ಒಂದೇ ರೀತಿಯಲ್ಲಿ ಅವರು ಮಾಡಿದ್ದು. ಅವರಿಗೆ ಗೊತ್ತಿದ್ದದ್ದು ಬಸ್ಸು ಓಡಿಸುವುದು. ಅದನ್ನೇ ಮಾಡಿದರು.

ಇನ್ನೊಂದು ಮಾತು, ಇದನ್ನು ಬರೆಯಲು ನನಗೆ ಸುಲಭವಲ್ಲ. ನೌಕರಿಯ ಮೂವತ್ನಾಲ್ಕು ವರ್ಷಗಳಲ್ಲಿ ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದೆ. ಒಂದು ದಿನವೂ ಮಗುವನ್ನು ಶಾಲೆಗೆ ಕರೆದೊಯ್ಯಲಿಲ್ಲ. ಕೂಸನ್ನೆತ್ತಿಕೊಂಡು ಬಂದ ಕಿರಿಯ ಶಿಕ್ಷಕಿಯರಿಗೆ, "ಮನೆಯನ್ನು ಮನೆಯಲ್ಲಿ ಬಿಟ್ಟು ಬರುವುದನ್ನು ಕಲಿಯಿರಿ," ಎಂದು ಹೇಳಿದ್ದುಂಟು. ಅದನ್ನು ನನ್ನ ಶಿಸ್ತೆಂದು ತಿಳಿದಿದ್ದೆ. ಆ ಬಸ್ಸಿನಲ್ಲಿ ಕುಳಿತಾಗ ನೆನಪಾಯಿತು: ಕುಬಿಹಾಳದ ಮನೆಯಲ್ಲಿ ನನ್ನ ಅತ್ತೆ ಶಾರದವ್ವ ಇದ್ದರು. ನಾನು ಹೊರಬಿದ್ದಾಗ ತೊಟ್ಟಿಲಿನ ಹಗ್ಗ ಅವರ ಕೈಯಲ್ಲಿರುತ್ತಿತ್ತು. ಸಂಜೆ ಮರಳಿದಾಗಲೂ ಅವರ ಕೈಯಲ್ಲಿಯೇ. ಶಾಲೆಯ ಬೆಳ್ಳಿಹಬ್ಬದ ಸನ್ಮಾನ ನನಗೆ ಸಿಕ್ಕಿತು, ಅವರಿಗೆ ಒಂದು ಮಾತಿನ ಕೃತಜ್ಞತೆಯನ್ನೂ ನಾನು ಹೇಳಲಿಲ್ಲ. ನನ್ನ ಏಕಾಗ್ರತೆ ಇನ್ನೊಬ್ಬ ಹೆಣ್ಣಿನ ತೋಳಿನ ಮೇಲೆ ನಿಂತಿತ್ತು. ಅದನ್ನು ಮರೆತು ಸುನಿತಾಳಿಗೆ ಪಾಠ ಹೇಳಿದೆ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. "ಇರಲಿ ಬಿಡ್ರಿ ಅಕ್ಕಾರ, ಚಾ ಕುಡೀರಿ," ಎಂದಳು. ನಿಮ್ಮಿಂದ ಇನ್ನೂ ಯಾರೂ ಒಂದು ಮಾತನ್ನೂ ಕೇಳಿಲ್ಲ.

ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಮಾಳಿಂಗರಾಯರ ಮೇಲಿನ ನೋಟಿಸನ್ನು ಬೇಷರತ್ತಾಗಿ ಹಿಂತೆಗೆದುಕೊಂಡು ಅವರನ್ನು ಕೆಲಸಕ್ಕೆ ಮರಳಿ ಕರೆಯಿರಿ. ಕರೆದ ದಿನ ಬರಲೇಬೇಕೆಂದು ಆಜ್ಞೆ ಮಾಡುವುದಾದರೆ, ಆ ದಿನ ಆ ಕೊಠಡಿಯ ಬೀಗ ತೆಗೆದಿರಬೇಕು, ಆಯಾ ಇರಬೇಕು, ಕುಡಿಯುವ ನೀರಿರಬೇಕು, ಹಾಲೂಡಿಸಲು ತಾಯಂದಿರಿಗೆ ನಡುವೆ ಎದ್ದು ಹೋಗುವ ಅನುಮತಿಯಿರಬೇಕು. ಉತ್ಸವವಾಗಲಿ, ತರಬೇತಿಯಾಗಲಿ, ನಿರ್ದೇಶಕರ ದರ್ಶನವಾಗಲಿ. ಆಯಾಗೆ ರಜೆ ಬೇಕೆ? ನ್ಯಾಯವೇ. ಬೇರೊಂದು ದಿನ ಕೊಡಿ. ಇದು ದಾನವಲ್ಲ. ವೇದಿಕೆ, ಬ್ಯಾನರು, ನಿರ್ದೇಶಕರ ಕಾರು, ನನ್ನಂಥ ಅತಿಥಿಯ ಕೊರಳಿಗೊಂದು ಹಾರ, ಇವೆಲ್ಲ ಉತ್ಸವದ ಅಗತ್ಯಗಳೆಂದು ನಿಮಗೆ ಯಾರೂ ನೆನಪಿಸಬೇಕಾಗಿರಲಿಲ್ಲ. ಇದನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಿ.

ಮಾಳಿಂಗರಾಯರ ವಿಚಾರಣೆಯ ದಿನಾಂಕದ ಪತ್ರ ಮೊನ್ನೆ ಬಂತು. ಅವರು ಅದನ್ನು ಓದಿಸಿಕೊಳ್ಳಲು ನನ್ನ ಮನೆಗೆ ತಂದಿದ್ದರು. ಬರುವ ರವಿವಾರ, ಮುಂಜಾನೆ ಹತ್ತು ಗಂಟೆಗೆ, ಕಾರ್ಖಾನೆಯ ಕಚೇರಿಯಲ್ಲಿ. ಮತ್ತೆ ರವಿವಾರ. ಸಾಕ್ಷಿಗಳಿದ್ದರೆ ಕರೆತರಬಹುದೆಂದು ಕೊನೆಯ ಸಾಲು. ನಾನಂತೂ ಬರುತ್ತೇನೆ, ನನ್ನ ಹೆಸರು ಪಟ್ಟಿಯಲ್ಲಿ ಇರಲಿ, ಬಿಡಲಿ. ಆದರೆ ನಾನು ಕಂಡದ್ದು ವೇದಿಕೆಯ ಮೇಲಿಂದ. ಬಸ್ಸು ಏಕೆ ನಿಲ್ಲಬಾರದಿತ್ತೆಂದು ಹೇಳಬಲ್ಲವಳು ಸುನಿತಾ. ಅವಳಿಗೆ ಹೇಳಿಕಳಿಸಿದೆ. ನಿನ್ನೆ ತಾನೇ ಬಂದು ನನ್ನ ಮನೆಯ ಕಟ್ಟೆಯ ಮೇಲೆ ಕುಳಿತಳು.

"ಬರ್ತೀನ್ರಿ ಅಕ್ಕಾರ, ಸಾಹೇಬ್ರ ಮುಂದs ಹೇಳ್ತೀನಿ. ನೌಕ್ರಿ ಹೋದ್ರ ಹೋಗ್ಲಿ. ಮಾಳಿಂಗಣ್ಣ ನನ್ನ ಕೂಸಿನ್ನ ನೋಡ್ಕೊಂಡಾನ, ಸುಮ್ಮನ ಹೆಂಗ ಕುಂದರ್ಲಿ?" ಎಂದಳು. ಆಮೇಲೆ ಮಡಿಲಲ್ಲಿದ್ದ ಮಗನ ಕುಲಾಯಿ ಸರಿಪಡಿಸುತ್ತ ಕೇಳಿದಳು: "ಆದ್ರ ಅವತ್ತು ಇವನ್ನ ಎಲ್ಲಿ ಬಿಡ್ಲಿರಿ?"

ಮಾನ್ಯರೇ, ಉತ್ತರ ಕೊಡಬೇಕಾದವರು ನೀವು. ರವಿವಾರದೊಳಗೆ ಕೊಡಿ.

ಇಂತಿ,
ಬದುಕಿನುದ್ದಕ್ಕೂ ಪ್ರಶ್ನೆ ಕೇಳಿ, ಆ ಹುಡುಗಿಯ ಒಂದು ಪ್ರಶ್ನೆಗೆ ಉತ್ತರ ತಿಳಿಯದೆ ಕುಳಿತವಳು,
ನಂದಾ ಈರಬಸಪ್ಪ ಅಂಗಡಿ
ನಿವೃತ್ತ ಕನ್ನಡ ಶಿಕ್ಷಕಿ, ಅಣ್ಣಿಗೇರಿ